ಹತ್ತು ವರ್ಷದೊಳಗೆ

ಏಪ್ರಿಲ್ 4, ಶುಕ್ರವಾರ

ರಕ್ತದೊತ್ತಡಕ್ಕೆ ಮಾತ್ರೆ ಕೊಟ್ಟ ಡಾಕ್ಟರು ಜೊತೆಗೆ ಎರಡು ಸಲಹೆಯನ್ನೂ ಕೊಟ್ಟಿದ್ದಾರೆ. ಉಪ್ಪು ಕಡಿಮೆ ಮಾಡಬೇಕು. ಹೇಳಬೇಕೆನಿಸಿಯೂ ಹೇಳಲಾಗದ್ದನ್ನು ಆಗಾಗ ಬರೆದಿಡಬೇಕು. ಉಪ್ಪು ಬಿಡುವುದು ನನ್ನಿಂದಾಗದ ಕೆಲಸ. ಹಾಗಾಗಿ ಬರೆಯುತ್ತಿದ್ದೇನೆ.

ಬರೆಯುವುದು ನನಗೆ ಹೊಸತೇನಲ್ಲ. ಇಂಧನ ಮತ್ತು ಪರಿಸರ ಖಾತೆಯ ಮಂತ್ರಿಗಳಿಗೆ ಭಾಷಣ ಬರೆದುಕೊಡುವುದೇ ನನ್ನ ಹೊಟ್ಟೆಪಾಡು. ಮಂತ್ರಿಗಳು ಬದಲಾಗುತ್ತಾರೆ, ವಾಕ್ಯಗಳು ಹಾಗೇ ಇರುತ್ತವೆ. ನನ್ನ ವಾಕ್ಯಗಳಲ್ಲಿ ಯಾರೂ ಏನೂ ಮಾಡುವುದಿಲ್ಲ. ಎಲ್ಲವೂ ತಾನಾಗಿಯೇ ಮಾಡಲಾಗುತ್ತದೆ, ಪರಿಶೀಲಿಸಲಾಗುತ್ತದೆ, ಸೂಕ್ತ ಸಮಯದಲ್ಲಿ ಸೂಕ್ತವಾಗಿ ಕೈಗೊಳ್ಳಲಾಗುತ್ತದೆ. ಈ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರು ಕಟ್ಟಡದಲ್ಲಿಲ್ಲ.

ಮುಂದಿನ ತಿಂಗಳು ಸಂಸತ್ತಿನಲ್ಲಿ ಹವಾಮಾನ ಮಸೂದೆ ಬರಲಿದೆ. ಅದನ್ನು ಮಂಡಿಸುವಾಗ ಮಂತ್ರಿಯವರು ಮಾಡಬೇಕಾದ ಭಾಷಣ ನನ್ನ ಪಾಲಿಗೆ ಬಿದ್ದಿದೆ. ಇಲಾಖೆಯ ಕಾರ್ಯದರ್ಶಿಯವರು ಕರೆದು, ಭಾಷಣ ಖಡಕ್ಕಾಗಿರಬೇಕು, ಆದರೆ ಯಾವುದಕ್ಕೂ ಸಿಕ್ಕಿಕೊಳ್ಳುವಂತಿರಬಾರದು ಎಂದರು. ಇವರಿಗೆ ನಾವು ಇಟ್ಟಿರುವ ಹೆಸರು ‘ಅಲ್ಪವಿರಾಮ’. ಯಾವ ಕಾಗದ ಕೊಟ್ಟರೂ ಒಂದು ಅಲ್ಪವಿರಾಮವನ್ನಾದರೂ ಸೇರಿಸದೆ ಅವರಿಗೆ ಸಮಾಧಾನವಿಲ್ಲ.

ಮನೆಯಲ್ಲಿ ಅಪ್ಪ. ರೈಲಿನ ಡ್ರೈವರ್ ಆಗಿ ನಿವೃತ್ತನಾದವನು. ಅಮ್ಮ ಹೋದ ಮೇಲೆ ಒಬ್ಬಳೇ ಮಗಳಾದ ನನ್ನ ಜೊತೆ ಇದ್ದಾನೆ. ಮೂರನೇ ಮಹಡಿಯ ನಮ್ಮ ಮನೆಗೆ ಮೇಲೆ ಬರೀ ತಾರಸಿ. ಮಧ್ಯಾಹ್ನ ನಲ್ಲಿ ತಿರುಗಿಸಿದರೆ ಚಹಾ ಮಾಡುವಷ್ಟು ಬಿಸಿನೀರು ಬರುತ್ತದೆ. ಒಳಗೆ ಕೂತರೆ ಬೇಯುತ್ತೇನೆ ಎಂದು ಅಪ್ಪ ಬೆಳಿಗ್ಗೆಯೇ ಮಡಚುವ ಸ್ಟೂಲು ಹಿಡಿದು ನೆರಳು ಹುಡುಕಿಕೊಂಡು ಹೊರಟುಬಿಡುತ್ತಾನೆ. ಎಪ್ಪತ್ತನಾಲ್ಕರ ಮನುಷ್ಯ. ಎಲ್ಲಿಗೆ ಎಂದರೆ, ನೆರಳಿದ್ದಲ್ಲಿಗೆ ಎನ್ನುತ್ತಾನೆ.

ಏಪ್ರಿಲ್ 7, ಸೋಮವಾರ

ನೆರಳು ಎಲ್ಲಿದೆ ಅಂತ ಗೊತ್ತಾಯಿತು. ನಮ್ಮ ಕಚೇರಿಯ ಗೇಟಿನೆದುರಿಗೇ ಇದೆ.

ಹನ್ನೊಂದು ಗಂಟೆಯ ಚಹಾ ಹಿಡಿದು ಎರಡನೇ ಮಹಡಿಯ ಕಿಟಕಿಗೆ ಬಂದು ನೋಡುತ್ತೇನೆ, ಎದುರಿನ ದೊಡ್ಡ ಮರದ ಕೆಳಗೆ ಸತ್ಯಾಗ್ರಹದವರು ಕೂತಿದ್ದಾರೆ. ಮಸೂದೆ ಗಟ್ಟಿಯಾಗಬೇಕು ಎಂದು ಹಟ ಹಿಡಿದು ಮೂರು ವಾರದಿಂದ ದಿನಾ ಬಂದು ಕೂರುವ ಜನ. ಅವರ ನಟ್ಟನಡುವೆ ನಮ್ಮ ಮನೆಯ ಸ್ಟೂಲು. ಸ್ಟೂಲಿನ ಮೇಲೆ ಅಪ್ಪ. ಅಪ್ಪನ ಕೈಯಲ್ಲಿ ಒಂದು ದೊಡ್ಡ ರಟ್ಟಿನ ಫಲಕ. ಅದರಿಂದ ಆರಾಮವಾಗಿ ಗಾಳಿ ಹಾಕಿಕೊಳ್ಳುತ್ತಿದ್ದಾನೆ.

ಫಲಕದಲ್ಲಿ ಏನಿದೆ ಎಂದು ಓದಲಾಗಲಿಲ್ಲ. ಒಂದು ಕ್ಷಣವಾದರೂ ಅಲುಗಾಡದೆ ಹಿಡಿದುಕೊಂಡಿದ್ದರೆ ತಾನೆ!

ಏಪ್ರಿಲ್ 8, ಮಂಗಳವಾರ

ಊಟದ ಹೊತ್ತಿಗೆ ಅಪ್ಪನ ವಿಚಾರಣೆ ನಡೆಸಿದೆ. ಆರೋಪಿ ಎಲ್ಲವನ್ನೂ ಒಪ್ಪಿಕೊಂಡ, ಯಾವುದಕ್ಕೂ ಪಶ್ಚಾತ್ತಾಪಪಡಲಿಲ್ಲ.

ಹೋಗಿದ್ದು ನೆರಳಿಗೆ. ಆ ಬೀದಿಯಲ್ಲಿ ಉಳಿದಿರುವುದು ಅದೊಂದೇ ಮರ. ಕೂತವರು ನೀರು ಕೊಟ್ಟರು. ಗಾಳಿಗೆ ಏನಾದರೂ ಇದ್ದರೆ ಕೊಡಿ ಎಂದಾಗ ಫಲಕ ಕೊಟ್ಟರು. ಅವರಿಗೆಲ್ಲ ಮುಂದಾಳಾಗಿರುವ ಹೆಂಗಸು ಹಲ್ಲಿನ ಡಾಕ್ಟರಂತೆ. ಬೆಳಿಗ್ಗೆ ಇಲ್ಲಿ ಕೂತು, ಸಂಜೆ ಕ್ಲಿನಿಕ್ ತೆರೆಯುತ್ತಾರಂತೆ. ಅಪ್ಪ ಬಾಯಿ ತೆರೆದದ್ದೇ ಕಟ್ಟಿಸಿಕೊಂಡ ಹಲ್ಲಿನ ಸೆಟ್ಟು ಸಡಿಲವಾಗಿದೆ ಎಂದು ಕಂಡುಹಿಡಿದು, ನಾಳೆ ಸರಿಮಾಡಿ ತರುತ್ತೇನೆ ಎಂದು ತೆಗೆದುಕೊಂಡೇ ಹೋದರಂತೆ. ಅದಕ್ಕೇ ಅಪ್ಪ ನಿನ್ನೆ ಗಂಜಿ ಕುಡಿದು ಮಲಗಿದ್ದು. ನಾನು ಬಿಸಿಲಿಗೆ ಹಸಿವು ಸತ್ತಿರಬೇಕು ಅಂದುಕೊಂಡಿದ್ದೆ.

“ಫಲಕದಲ್ಲಿ ಏನು ಬರೆದಿತ್ತು?” ಎಂದು ಕೇಳಿದೆ.

“ಕಲ್ಲಿದ್ದಲು ಸಾಕು ಅಂತ.”

ನನಗೆ ನಗು ತಡೆಯಲಾಗಲಿಲ್ಲ. ಅಪ್ಪ ಜೀವಮಾನವಿಡೀ ಎಳೆದದ್ದು ಕಲ್ಲಿದ್ದಲಿನ ಗಾಡಿ. ಗಣಿಯಿಂದ ವಿದ್ಯುತ್ ಸ್ಥಾವರಕ್ಕೆ, ಸ್ಥಾವರದಿಂದ ಗಣಿಗೆ. ಅಮ್ಮ ಅವನ ಅಂಗಿಯ ಕಾಲರು ಉಜ್ಜಿ ಉಜ್ಜಿ ಕೈ ಸವೆಸಿಕೊಂಡಿದ್ದಳು. ಅದನ್ನೇ ಎತ್ತಿ ಆಡಿದೆ.

ಅಪ್ಪ ಬೇಜಾರೇನೂ ಮಾಡಿಕೊಳ್ಳಲಿಲ್ಲ. “ಕಲ್ಲಿದ್ದಲು ತಾ ಅಂದ್ರು, ತಂದೆ. ಊರಿಗೆಲ್ಲಾ ದೀಪ ಹತ್ತಿತು. ನೀನೂ ಅದೇ ದೀಪದಲ್ಲಿ ಓದಿದ್ದು. ಈಗ ಬೇರೆ ಏನಾದ್ರೂ ತಾ ಅಂತ ಹೇಳ್ಲಿ, ಅದನ್ನೂ ತಂದುಕೊಡೋರು ಇದಾರೆ. ಹೇಳೋರೇ ಇಲ್ಲ ನೋಡು” ಎಂದು ಹೇಳಿ, ಇವತ್ತಷ್ಟೇ ಸರಿಯಾಗಿ ಬಂದ ಹಲ್ಲಿನಲ್ಲಿ ಸೌತೆಕಾಯಿ ಕಚ್ಚಿದ. ಕರುಂ ಎಂದು ಸದ್ದು ಬಂತು. ಡಾಕ್ಟರಮ್ಮನ ಕೈಗುಣವನ್ನು ಒಪ್ಪಲೇಬೇಕು.

ಏಪ್ರಿಲ್ 14, ಸೋಮವಾರ

ಪತ್ರಿಕೆಯ ಮುಖಪುಟದಲ್ಲಿ ಅಪ್ಪ.

ಮೂರು ಕಾಲಮ್ಮಿನ ಚಿತ್ರ. ಫಲಕವನ್ನು ಎದೆಗೆ ಆನಿಸಿಕೊಂಡು ಸ್ಟೂಲಿನ ಮೇಲೆ ನಿದ್ದೆ ಹೊಡೆಯುತ್ತಿದ್ದಾನೆ. ಕೆಳಗಿನ ಸಾಲು: ‘ಭೂಮಿಯ ಭವಿಷ್ಯ ನೆನೆದು ಕಣ್ಮುಚ್ಚಿದ ಹಿರಿಯ ಜೀವ’. ಓದಿದ ಕೂಡಲೇ ಎರಡು ಮನೆಯವರು ಗಾಬರಿಯಿಂದ ಫೋನ್ ಮಾಡಿದರು. ಇಲ್ಲ, ಇದ್ದಾನೆ, ತಿಂಡಿ ತಿನ್ನುತ್ತಿದ್ದಾನೆ ಎಂದು ಹೇಳಿದೆ.

ಹತ್ತು ಗಂಟೆಗೆ ಕಾರ್ಯದರ್ಶಿಯವರ ಕರೆ ಬಂತು. ಮೇಜಿನ ಮೇಲೆ ಪತ್ರಿಕೆ ಬಿಡಿಸಿಟ್ಟಿದ್ದರು.

“ಇವರು ನಿಮಗೆ ಗೊತ್ತಿರೋರು ಅಂತ ಯಾರೋ ಹೇಳಿದ್ರು.”

“ಹೌದು ಸರ್, ಸಂಬಂಧಿಕರು.”

“ಹತ್ತಿರದ ಸಂಬಂಧವೋ, ದೂರದ್ದೋ?”

“ಅಪ್ಪ, ಸರ್.”

ಅವರು ಚಿತ್ರವನ್ನು ನೋಡಿದರು, ನನ್ನನ್ನು ನೋಡಿದರು, ಮೂಗಿನ ಹೋಲಿಕೆ ಕಂಡಿತೋ ಏನೋ, ನಿಟ್ಟುಸಿರು ಬಿಟ್ಟರು. ಅಪ್ಪಂದಿರನ್ನು ಹದ್ದುಬಸ್ತಿನಲ್ಲಿಡುವ ನಿಯಮವೇನೂ ಸೇವಾ ಕೈಪಿಡಿಯಲ್ಲಿ ಇಲ್ಲವಾದರೂ ವಿವೇಕ ಎಂಬುದೊಂದು ಇರುತ್ತದಲ್ಲ ಎಂದು ಸುತ್ತಿ ಬಳಸಿ ತಿಳಿಸಿದರು. ಅದರೊಳಗೆ ನಾಲ್ಕು ಅಲ್ಪವಿರಾಮವಾದರೂ ಇದ್ದವು. ವಿವೇಕದಿಂದ ಪ್ರಯತ್ನಿಸಲಾಗುವುದು ಎಂದು ಹೇಳಿ ಬಂದೆ.

ಏಪ್ರಿಲ್ 15, ಮಂಗಳವಾರ

ಪ್ರಯತ್ನಿಸಲಾಯಿತು. ಗಾಳಿ ತಣ್ಣಗೆ ಮಾಡುವ ಕೂಲರ್ ಒಂದನ್ನು ಕೊಂಡುತಂದೆ. ಅಪ್ಪನಿಗೆ ಬೇಕಾದದ್ದು ತಂಪು ತಾನೆ, ಇಲ್ಲೇ ಸಿಗಲಿ ಎಂಬ ಉಪಾಯ. ಇಬ್ಬರು ಸೇರಿ ಮೂರು ಮಹಡಿ ಹೊತ್ತು ತಂದು, ನೀರು ತುಂಬಿ, ಗುಂಡಿ ಒತ್ತಿದೆವು. ಅಪ್ಪ ಅದರೆದುರು ಕಣ್ಣು ಮುಚ್ಚಿ ಕೂತ. ಹತ್ತು ನಿಮಿಷ ಸ್ವರ್ಗಸುಖ.

ಆಮೇಲೆ ಕರೆಂಟು ಹೋಯಿತು. ಊರಲ್ಲಿ ಎಲ್ಲರೂ ಇದೇ ಉಪಾಯ ಮಾಡಿದ್ದಾರಂತೆ.

ಅಪ್ಪ ಸ್ಟೂಲು ಎತ್ತಿಕೊಂಡ.

ಏಪ್ರಿಲ್ 19, ಶನಿವಾರ

ಕರೆಂಟಿಲ್ಲ. ಭಾಷಣ ಮುಂದೆ ಹೋಗುತ್ತಿಲ್ಲ. ಅಪ್ಪ ಮನೆಯಲ್ಲಿಲ್ಲ.

ಏಪ್ರಿಲ್ 22, ಮಂಗಳವಾರ

ಅಪ್ಪ ನೀರಿನ ಬಾಟಲಿ ಮರೆತು ಹೋಗಿದ್ದ. ಊಟದ ಬಿಡುವಿನಲ್ಲಿ ಕೊಟ್ಟು ಬರೋಣವೆಂದು ಕೆಳಗಿಳಿದೆ. ಕೊಟ್ಟು ವಾಪಸ್ಸು ಬರಬೇಕಿತ್ತು. ಆದರೆ ಅಲ್ಲೊಬ್ಬ ಕಾಲೇಜು ಹುಡುಗಿಯ ಕೈಯಲ್ಲಿದ್ದ ಫಲಕದಲ್ಲಿ ‘ಹವಮಾನ’ ಎಂದು ಬರೆದಿತ್ತು. ನನ್ನಂಥವಳು ಅದನ್ನು ನೋಡಿಯೂ ನೋಡದ ಹಾಗೆ ಹೋಗುವುದಾದರೂ ಹೇಗೆ? ದೀರ್ಘ ಹಾಕಿಕೊಟ್ಟೆ. ಹುಡುಗಿ ಇನ್ನೊಂದು ಫಲಕ ತಂದಳು. ಅದಕ್ಕೂ ಚಿಕಿತ್ಸೆ ಆಯಿತು. ನೋಡನೋಡುತ್ತಿದ್ದಂತೆ ನನ್ನ ಮುಂದೆ ಸಾಲು ನಿಂತಿತು.

ಹಲ್ಲಿನ ಡಾಕ್ಟರಮ್ಮ ನನಗಿಂತ ಚಿಕ್ಕವರು. ಎದುರಿಗಿದ್ದವರು ಬಾಯಿ ಬಿಟ್ಟುಕೊಂಡು ಸುಮ್ಮನಿರುತ್ತಾರೆ ಎಂಬ ಅಭ್ಯಾಸದಿಂದಲೋ ಏನೋ, ಉತ್ತರಕ್ಕೆ ಕಾಯದೆ ಮಾತಾಡುತ್ತಾರೆ. ಮಂತ್ರಿಯವರ ಕಚೇರಿಗೆ ಕೊಡಲಿರುವ ಬೇಡಿಕೆಯ ಒಕ್ಕಣೆಯನ್ನು ನನ್ನ ಕೈಗೆ ತುರುಕಿದರು. ಒಂದೂವರೆ ಪುಟ. ಒಂದೇ ವಾಕ್ಯ.

ನಾನು ಸರ್ಕಾರಿ ನೌಕರಿಯಲ್ಲಿರುವವಳು, ಇದಕ್ಕೆಲ್ಲ ಕೈಹಾಕುವಂತಿಲ್ಲ ಎಂದು ಹೇಳುತ್ತಲೇ ಪೆನ್ನು ತೆಗೆದೆ. ಕೊನೆಗೆ ಉಳಿದದ್ದು ಎರಡು ವಾಕ್ಯ. ‘ಹತ್ತು ವರ್ಷದೊಳಗೆ ಕಲ್ಲಿದ್ದಲಿನ ವಿದ್ಯುತ್ ಸ್ಥಾವರಗಳನ್ನು ಮುಚ್ಚಿ. ಅದಕ್ಕೂ ಮೊದಲೇ ಅಲ್ಲಿನ ಕೆಲಸಗಾರರಿಗೆ ಬೇರೆ ಕೆಲಸ ಕೊಡಿ.’ ಎರಡನೆಯದನ್ನು ಸೇರಿಸದಿದ್ದರೆ ಎದ್ದುಹೋಗುತ್ತೇನೆ ಎಂದು ಅಪ್ಪ ಸ್ಟೂಲಿನಿಂದ ಅರ್ಧ ಎದ್ದೇಬಿಟ್ಟಿದ್ದ.

ಇದು ಬರೀ ವ್ಯಾಕರಣ ತಿದ್ದಿದ್ದು. ನನಗೂ ಸತ್ಯಾಗ್ರಹಕ್ಕೂ ಸಂಬಂಧವಿಲ್ಲ.

ಏಪ್ರಿಲ್ 24, ಗುರುವಾರ

ಆ ಎರಡು ವಾಕ್ಯಗಳು ಗೇಟು ದಾಟಿ, ಟಪಾಲಿನಲ್ಲಿ ಮೊಹರು ಹಾಕಿಸಿಕೊಂಡು, ಮೂರು ಮೇಜು ಹತ್ತಿಳಿದು, ಇವತ್ತು ಸರಿಯಾಗಿ ನನ್ನ ಮುಂದೆಯೇ ಬಂದು ಕೂತವು. ‘ಸೂಕ್ತ ಉತ್ತರ ತಯಾರಿಸುವುದು’ ಎಂದು ಅಲ್ಪವಿರಾಮದವರ ಷರಾ.

ಪ್ರಶ್ನೆಯೂ ನನ್ನದೇ, ಉತ್ತರವೂ ನನ್ನದೇ. ಕೂತು ಯೋಚಿಸಿದೆ. ಎಂಥ ಬೇಡಿಕೆ ಬಂದರೂ ಕಾಲು ಗಂಟೆಯಲ್ಲಿ ಮೆತ್ತಗೆ ಮಾಡಿ ಕಳಿಸುವವಳು ನಾನು. ಈ ಎರಡು ವಾಕ್ಯಗಳು ಮಾತ್ರ ಎಲ್ಲಿ ಹಿಡಿದರೂ ಜಾರಲಿಲ್ಲ. ಇಷ್ಟು ನೇರವಾಗಿ ಬರೆದವರು ಯಾರಪ್ಪ ಎಂದು ಸಿಟ್ಟೂ ಬಂತು. ಸಂಜೆಯವರೆಗೆ ಒದ್ದಾಡಿ ‘ತಮ್ಮ ಕಳಕಳಿಯನ್ನು ಗಮನಿಸಲಾಗಿದೆ’ ಎಂದು ಬರೆದುಕೊಟ್ಟೆ. ‘ಕಳಕಳಿಯನ್ನು’ ಆದ ಮೇಲೆ ಒಂದು ಅಲ್ಪವಿರಾಮ ಸೇರಿ ವಾಪಸ್ಸು ಬಂತು.

ಸಂಜೆಯೇ ಗೇಟಿನಲ್ಲಿ ಸತ್ಯಾಗ್ರಹದವರ ಕೈಗೆ ಕೊಟ್ಟಿದ್ದ ಆ ಉತ್ತರವನ್ನು ರಾತ್ರಿ ಊಟಕ್ಕೆ ಕೂತಾಗ ಅಪ್ಪ ಗಟ್ಟಿಯಾಗಿ ಓದಿ, “ಯಾರೋ ಪಾಪ, ಹೊಟ್ಟೆನೋವಿಟ್ಕೊಂಡು ಬರೆದ ಹಾಗಿದೆ” ಎಂದ. ನಾನು ಇನ್ನಷ್ಟು ಉಪ್ಪು ಹಾಕಿಕೊಂಡೆ.

ಏಪ್ರಿಲ್ 29, ಮಂಗಳವಾರ

ಅಪ್ಪ ಬಿದ್ದ.

ಕಿಟಕಿಯಿಂದ ನಾನು ನೋಡಲಿಲ್ಲ. ಮೀಟಿಂಗಿನಲ್ಲಿದ್ದೆ. ಕಾಲೇಜು ಹುಡುಗಿ ಕಾವಲಿನವರನ್ನು ದಾಟಿಕೊಂಡು ಮೇಲೆ ಓಡಿ ಬಂದಳು. ನಾನು ಇಳಿದು ಹೋಗುವ ಹೊತ್ತಿಗೆ ಡಾಕ್ಟರಮ್ಮ ಅಪ್ಪನ ಅಂಗಿ ಬಿಚ್ಚಿ, ಒದ್ದೆ ಬಟ್ಟೆ ಹೊದಿಸಿ, ಹಲ್ಲಿನ ಸೆಟ್ಟು ತೆಗೆದು ತಮ್ಮ ಕೈಚೀಲಕ್ಕೆ ಹಾಕಿಕೊಂಡಿದ್ದರು. ಅಪ್ಪನ ಮೈ ಒಲೆಯ ಪಕ್ಕದ ಗೋಡೆಯ ಹಾಗೆ ಸುಡುತ್ತಿತ್ತು. ಬೆವರೇ ಇರಲಿಲ್ಲ. ನನ್ನನ್ನು ಅಮ್ಮನ ಹೆಸರು ಹಿಡಿದು ಕರೆದ.

ಆಸ್ಪತ್ರೆಯಲ್ಲಿ ಹಾಸಿಗೆ ಖಾಲಿ ಇರಲಿಲ್ಲ. ನಡುವಣ ಓಣಿಯಲ್ಲೇ ಗೋಡೆಗೆ ತಾಗಿಸಿ ಮಂಚ ಹಾಕಿದರು. ಅಪ್ಪನ ಈಚೆಗೆ ರಸ್ತೆಗೆ ಡಾಂಬರು ಹಾಕುವ ಒಬ್ಬ ಆಳು. ಆಚೆಗೆ ಎಂಟು ತಿಂಗಳ ಬಸುರಿ. ಅವಳ ಅತ್ತೆ ಕಾಲ ಬಳಿ ನಿಂತು ಎಕ್ಸ್‌ರೇ ಹಾಳೆಯಿಂದ ಗಾಳಿ ಬೀಸುತ್ತಿದ್ದರು. ಯಾರೂ ಯಾರನ್ನೂ ಏನೂ ಕೇಳುತ್ತಿರಲಿಲ್ಲ. ಎಲ್ಲರೂ ಒಂದೇ ಕಾರಣಕ್ಕೆ ಬಂದವರು.

ಸಂಜೆಗೆ ಜ್ವರ ಇಳಿಯಿತು. ಕಣ್ಣುಬಿಟ್ಟು ಮೊದಲು ಕೇಳಿದ್ದು, “ಸ್ಟೂಲೆಲ್ಲಿ?”

ನಾನು ಓಣಿಯ ಕೊನೆಗೆ ಹೋಗಿ ಅತ್ತು ಬಂದೆ.

ಮೇ 1, ಗುರುವಾರ

ಮಂತ್ರಿಯವರು ಆಸ್ಪತ್ರೆಗೆ ಬಂದಿದ್ದರು. ಪತ್ರಿಕೆಯ ‘ಹಿರಿಯ ಜೀವ’ ಆಸ್ಪತ್ರೆ ಸೇರಿದ ಸುದ್ದಿ ಹಬ್ಬಿತ್ತು, ಬರದೇ ವಿಧಿಯಿರಲಿಲ್ಲ. ಕ್ಯಾಮೆರಾದವರು ಮುಂದೆ, ಹಣ್ಣಿನ ಬುಟ್ಟಿ ಹಿಂದೆ, ನಡುವೆ ಸೀರೆಯ ಸೆರಗು ಸರಿಮಾಡಿಕೊಳ್ಳುತ್ತ ಮಂತ್ರಿಯವರು. ನನ್ನನ್ನು ಮಂಚದ ಪಕ್ಕ ಕಂಡು ಹುಬ್ಬೇರಿಸಿದರು. ಇಷ್ಟು ದಿನ ಭಾಷಣ ಬರೆದುಕೊಟ್ಟಿದ್ದರೂ ನಾವು ಮುಖ ಕೊಟ್ಟು ಮಾತಾಡಿದ್ದು ಕಡಿಮೆ. ಇವರು ನನ್ನಪ್ಪ ಎಂದಾಗ ಅವರ ಮುಖದಲ್ಲಿ ತುಸು ನಗು ಇಣುಕಿತು.

ಚಿತ್ರ ತೆಗೆಸಿಕೊಂಡು ಹೋಗಬಹುದಿತ್ತು. ಕ್ಯಾಮೆರಾದವರನ್ನು ಆಚೆ ಕಳಿಸಿ, ಮಂಚದ ಅಂಚಿನಲ್ಲಿ ಕೂತು, ತಮಗೆ ಏನು ಬೇಕು ಹೇಳಿ ಎಂದು ಕೇಳಿದರು.

“ನೋಡಮ್ಮ,” ಅಪ್ಪ ಹೇಳಿದ, “ರೈಲು ತಡವಾಗಿ ಬರೋದು ಜನಕ್ಕೆ ರೂಢಿ. ಬೈಕೊಂಡಾದ್ರೂ ಕಾಯ್ತಾರೆ. ಬರೋ ಹೊತ್ತನ್ನೇ ಬೋರ್ಡಲ್ಲಿ ಹಾಕದೇ ಇದ್ರೆ ಸ್ಟೇಷನ್ನಿಗೆ ಯಾರು ಬರ್ತಾರೆ? ನಿಮ್ಮ ಮಸೂದೆಗೆ ಒಂದು ಹೊತ್ತು ಹಾಕಿ.”

“ಹಾಕಿದ ಮೇಲೆ ರೈಲು ಬರಲಿಲ್ಲ ಅಂದ್ರೆ ಕಲ್ಲು ಬೀಳೋದು ನನ್ನ ಮೇಲೆ, ಯಜಮಾನರೇ.”

ಅಪ್ಪ ತಲೆ ಬಗ್ಗಿಸಿ ಕಿವಿಯ ಹಿಂದಿನ ಕಲೆ ತೋರಿಸಿದ. ಒಮ್ಮೆ ಬದಲಿಗೆ ಹೋಗಿ ಓಡಿಸಿದ ಪ್ಯಾಸೆಂಜರ್ ಗಾಡಿ ಆರು ಗಂಟೆ ತಡವಾದದ್ದಕ್ಕೆ ಯಾರೋ ಎಸೆದ ಕಲ್ಲಿನ ಗುರುತು. ಮಾರನೇ ದಿನವೂ ಗಾಡಿ ಓಡಿಸಿದೆ ಎಂದ. ಮಂತ್ರಿಯವರು ಆ ಕಲೆಯನ್ನು ತುಂಬಾ ಹೊತ್ತು ನೋಡಿದರು. ಆಮೇಲೆ ಎದ್ದು, ಪಕ್ಕದ ಬಸುರಿಯ ಅತ್ತೆಯ ಕೈಯಿಂದ ಎಕ್ಸ್‌ರೇ ಹಾಳೆ ತೆಗೆದುಕೊಂಡು, ನೀವು ಸ್ವಲ್ಪ ಕೂತುಕೊಳ್ಳಿ ಎಂದು ತಾವೇ ಗಾಳಿ ಬೀಸಿದರು. ಕ್ಯಾಮೆರಾದವರು ಆಚೆಯೇ ಇದ್ದರು. ಅದನ್ನು ನಾನು ಇಲ್ಲಿ ಬರೆದಿಡದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ.

ಹಣ್ಣಿನ ಬುಟ್ಟಿಯನ್ನು ಡಾಂಬರು ಹಾಕುವವನಿಗೆ ಕೊಟ್ಟೆವು. ಅಪ್ಪನ ಹಲ್ಲು ಇನ್ನೂ ಡಾಕ್ಟರಮ್ಮನ ಕೈಚೀಲದಲ್ಲೇ ಇತ್ತು.

ಮೇ 6, ಮಂಗಳವಾರ

ಅಪ್ಪ ಮನೆಗೆ ಬಂದಿದ್ದಾನೆ. ಡಾಕ್ಟರು ಹದಿನೈದು ದಿನ ಬಿಸಿಲಿಗೆ ಕಾಲಿಡಬೇಡಿ ಎಂದಿದ್ದಾರೆ. ಕೆಳಗಿನ ಮನೆಯವರು ಹಗಲು ಹೊತ್ತು ತಮ್ಮ ಕೋಣೆಯಲ್ಲಿ ಜಾಗ ಕೊಟ್ಟಿದ್ದಾರೆ.

ಇವತ್ತು ಭಾಷಣ ಮುಗಿಸಿದೆ. ಹೇಗೆ ಬರೆದೆನೋ, ಮೂರನೇ ಪುಟದಲ್ಲಿ ‘ಹತ್ತು ವರ್ಷದೊಳಗೆ ನಾವು ಕಲ್ಲಿದ್ದಲಿನ ಸ್ಥಾವರಗಳನ್ನು ಮುಚ್ಚುತ್ತೇವೆ’ ಎಂದು ಬಂದುಬಿಟ್ಟಿತ್ತು. ‘ನಾವು’ ಬೇರೆ, ‘ಮುಚ್ಚುತ್ತೇವೆ’ ಬೇರೆ. ಕಾರ್ಯದರ್ಶಿಯವರು ಓದಿ, ಕನ್ನಡಕ ತೆಗೆದು, ಒರೆಸಿ, ಮತ್ತೆ ಓದಿದರು. ಮಸೂದೆಯಲ್ಲೇ ಇಲ್ಲದ ಗಡುವು ಭಾಷಣದಲ್ಲಿ ಬರುವುದು ಹೇಗೆ ಎಂದು ಕೇಳಿದರು. ಗಟ್ಟಿಯಾಗಿ ಏನೂ ಬೈಯಲಿಲ್ಲ. ಆ ಸಾಲನ್ನು ಹೊಡೆದು ‘ಹಂತ ಹಂತವಾಗಿ, ಸೂಕ್ತ ಕಾಲಮಿತಿಯಲ್ಲಿ, ಕಡಿಮೆಗೊಳಿಸಲಾಗುವುದು’ ಎಂದು ತಾವೇ ಬರೆದರು.

ನಾನು ವಾದಿಸಲಿಲ್ಲ. ಹಾಗೇ ಟೈಪು ಮಾಡಿ, ಅಚ್ಚು ತೆಗೆದು, ಮಂತ್ರಿಯವರ ಕಚೇರಿಗೆ ಕಳಿಸಿಕೊಟ್ಟೆ. ಬರುವಾಗ ಔಷಧದ ಅಂಗಡಿಯಲ್ಲಿ ರಕ್ತದೊತ್ತಡ ನೋಡಿಸಿದೆ. ಸರಿಯಾಗಿತ್ತು. ಅದಕ್ಕೂ ಬೇಜಾರಾಯಿತು.

ಮೇ 9, ಶುಕ್ರವಾರ

ಇವತ್ತು ಸಂಸತ್ತಿನಲ್ಲಿ ಮಸೂದೆ.

ಅಧಿಕಾರಿಗಳ ಸಾಲಿನಲ್ಲಿ, ಅಲ್ಪವಿರಾಮದವರ ಪಕ್ಕದಲ್ಲಿ ನನ್ನ ಕುರ್ಚಿ. ನನ್ನ ಮಡಿಲಲ್ಲಿ ಭಾಷಣದ ಪ್ರತಿ. ಮಂತ್ರಿಯವರು ಓದುತ್ತ ಹೋದಂತೆ ನಾನು ಸಾಲಿನ ಮೇಲೆ ಬೆರಳಾಡಿಸುತ್ತಿದ್ದೆ. ಮೂರನೇ ಪುಟಕ್ಕೆ ಬಂದರು. ‘ಹಂತ ಹಂತವಾಗಿ’ ಎಂದರು. ನಿಂತರು. ನೀರು ಕುಡಿದರು. ಕಾಗದವನ್ನು ಕೆಳಗಿಟ್ಟರು.

“ಹಂತ ಹಂತವಾಗಿ ಅಂದರೆ ಎಷ್ಟು ವರ್ಷ ಎಂದು ನೀವು ಕೇಳುತ್ತೀರಿ. ಹತ್ತು ವರ್ಷ. ಹತ್ತು ವರ್ಷದೊಳಗೆ ಮುಚ್ಚುತ್ತೇವೆ. ಅಲ್ಲಿ ದುಡಿಯುವವರಿಗೆ ಅದಕ್ಕೂ ಮೊದಲೇ ಬೇರೆ ಕೆಲಸ ಕೊಡುತ್ತೇವೆ.”

ಮೊದಲು ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಒಂದೇ ಸಲಕ್ಕೆ ಗದ್ದಲ. ಅವರದೇ ಪಕ್ಷದವರು ಮೇಜು ಕುಟ್ಟುವುದೋ ಬೇಡವೋ ಎಂದು ಒಬ್ಬರ ಮುಖ ಒಬ್ಬರು ನೋಡಿದರು. ನನ್ನ ಬೆರಳು ಹಾಳೆಯ ಮೇಲೆ ಆ ಸಾಲು ಹುಡುಕುತ್ತಲೇ ಇತ್ತು. ಇರಲಿಲ್ಲ. ಪಕ್ಕಕ್ಕೆ ತಿರುಗಿದರೆ ಅಲ್ಪವಿರಾಮದವರು ನನ್ನನ್ನೇ ನೋಡುತ್ತಿದ್ದರು.

ಮನೆಗೆ ಬಂದರೆ ಅಪ್ಪ ಬಾಗಿಲಲ್ಲೇ ನಿಂತಿದ್ದ. ಟಿ.ವಿ.ಯಲ್ಲಿ ನೋಡಿದ್ದಾನೆ. ಕೆಳಗಿನ ಮನೆಯವರಿಗೆಲ್ಲ, ಅದು ನನ್ನ ಮಗಳು ಬರೆದಿದ್ದು ಎಂದು ಸಾರಿಬಿಟ್ಟಿದ್ದಾನೆ.

“ನಾನು ಬರೆದಿಲ್ಲ ಅಪ್ಪ.”

“ಆಯ್ತು ಬಿಡು,” ಎಂದು ಕಣ್ಣು ಹೊಡೆದ. “ಬಾಯಿ ಬಿಡಬಾರದು ಅನ್ನೋದು ನಂಗೂ ಗೊತ್ತು.”

ಮೇ 12, ಸೋಮವಾರ

ವಿಚಾರಣೆ. ಆ ಸಾಲು ಮಂತ್ರಿಯವರ ಪ್ರತಿಯೊಳಗೆ ಹೇಗೆ ಸೇರಿತು ಎಂದು ಕಾರ್ಯದರ್ಶಿಯವರು ಕೇಳಿದರು. ಸೇರಿಲ್ಲ, ಅವರೇ ಹೇಳಿದ್ದು ಎಂದೆ. ಹತ್ತು ವರ್ಷ ಎಂಬ ಪದಗಳು ಮೊದಲು ನಿಮ್ಮ ಕೈಬರಹದಲ್ಲೇ ಅಲ್ಲವೇ ಬಂದದ್ದು ಎಂದರು. ಹೌದು ಎಂದೆ. ಮಂತ್ರಿಯವರು ಪತ್ರಕರ್ತರಿಗೆ ‘ನಮ್ಮ ಅಧಿಕಾರಿಗಳು ಚೆನ್ನಾಗಿ ತಯಾರಿ ಮಾಡಿಕೊಟ್ಟಿದ್ದರು’ ಎಂದು ಹೇಳಿ ನನ್ನ ಕೇಸನ್ನು ಇನ್ನೂ ಗಟ್ಟಿ ಮಾಡಿದ್ದಾರೆ.

ನನ್ನನ್ನು ನೆಲಮಾಳಿಗೆಯ ಹಳೇ ಗೆಜೆಟ್ಟುಗಳ ಕೋಣೆಗೆ ವರ್ಗ ಮಾಡಲಾಗಿದೆ. ಮಾಡದ ತಪ್ಪಿಗೆ ಶಿಕ್ಷೆ ಅನುಭವಿಸಿದವರ ಕಥೆ ಕೇಳಿದ್ದೇನೆ. ಮಾಡದ ಧೈರ್ಯಕ್ಕೆ ಶಿಕ್ಷೆ ಆದದ್ದು ನನಗೇ ಮೊದಲಿರಬೇಕು.

ಒಂದು ವಿಷಯ ಮಾತ್ರ ಮೇಲಿನವರಿಗೆ ತಿಳಿಯಬಾರದು. ಇಡೀ ಕಟ್ಟಡದಲ್ಲಿ ಅತ್ಯಂತ ತಂಪಾದ ಕೋಣೆ ಇದೇ.

ಮೇ 16, ಶುಕ್ರವಾರ

ಸಂಜೆ ಗೇಟಿನ ಬಳಿ ಸತ್ಯಾಗ್ರಹದವರು ನನ್ನನ್ನು ಕಂಡು ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಾನಲ್ಲ, ಆ ಸಾಲನ್ನು ಹೊಡೆದು ಹಾಕಿದಾಗ ವಾದಿಸದೆ ಟೈಪು ಮಾಡಿಕೊಟ್ಟವಳು ನಾನು ಎಂದು ಬಿಡಿಸಿ ಹೇಳಿದೆ. ಡಾಕ್ಟರಮ್ಮ ನನ್ನ ಭುಜ ತಟ್ಟಿ, ನಿಮ್ಮ ವಿನಯ ದೊಡ್ಡದು ಎಂದರು. ಕಾಲೇಜು ಹುಡುಗಿ ನನ್ನ ಜೊತೆ ಚಿತ್ರ ತೆಗೆಸಿಕೊಂಡಳು.

ಬಸ್ಸಿನಲ್ಲಿ ಬರುವಾಗ ಯಾರದೋ ಅಂಗಿ ತೊಟ್ಟುಕೊಂಡ ಹಾಗೆ ಮೈಯೆಲ್ಲ ಬಿಗಿ.

ಮೇ 21, ಬುಧವಾರ

ಸದನದಲ್ಲಿ ಆಡಿದ ಮಾತು ಕಾನೂನಲ್ಲ. ಮಸೂದೆ ಈಗ ಸಂಸದರ ಸಮಿತಿಯ ಮುಂದಿದೆ. ಹತ್ತು ವರ್ಷದ ಗಡುವನ್ನು ಮಸೂದೆಗೆ ಸೇರಿಸಬೇಕೋ ಬೇಡವೋ ಎಂದು ಅವರು ತೀರ್ಮಾನಿಸುತ್ತಾರೆ. ವಿದ್ಯುತ್ ಕಂಪನಿಗಳವರು ದಿನಾ ಸಮಿತಿಯ ಕೋಣೆಯಲ್ಲಿ ಚಹಾ ಕುಡಿಯುತ್ತಿದ್ದಾರೆ. ಮುಂದಿನ ಬುಧವಾರ ಸಾರ್ವಜನಿಕರೂ ಬಂದು ಮಾತಾಡಬಹುದು, ಒಬ್ಬೊಬ್ಬರಿಗೆ ಐದು ನಿಮಿಷ.

ಅಪ್ಪ ಹೋಗುತ್ತೇನೆ ಎಂದು ಹಟ ಹಿಡಿದ. ಡಾಕ್ಟರು ಇನ್ನೂ ಸ್ವಲ್ಪ ದಿನ ಬಿಸಿಲು ಬೇಡ ಎಂದರು. ನಾನೇ ಹೆಸರು ಕೊಟ್ಟು ಬಂದೆ. ಸೇವಾ ನಿಯಮದ ಪ್ರಕಾರ ಇದು ತಪ್ಪೋ ಸರಿಯೋ ಎಂದು ಕೈಪಿಡಿಯಲ್ಲಿ ನೋಡಬಹುದಿತ್ತು. ಕೈಪಿಡಿ ನನ್ನ ಕೋಣೆಯಲ್ಲೇ ಇದೆ. ನೋಡಲಿಲ್ಲ.

ಮೇ 25, ಭಾನುವಾರ

ನಾಲ್ಕು ಸಲ ಬರೆದೆ, ನಾಲ್ಕು ಸಲ ಹರಿದೆ. ಐದನೆಯದನ್ನು ಅಪ್ಪನಿಗೆ ಓದಿ ಹೇಳಿದೆ. ಚೆನ್ನಾಗಿಯೇ ಇತ್ತು. ತೂಕವಿತ್ತು, ಅಂಕಿಅಂಶವಿತ್ತು, ಕೊನೆಗೊಂದು ಏರುದನಿಯೂ ಇತ್ತು.

ಅಪ್ಪ ಕಣ್ಣು ಮುಚ್ಚಿ ಕೇಳಿ, “ಇದರಲ್ಲಿ ಮಾತಾಡ್ತಿರೋದು ಯಾರು?” ಎಂದ.

ಮೇ 28, ಬುಧವಾರ

ಉದ್ದನೆಯ ಮೇಜು, ಅದರಾಚೆ ಸಂಸದರು. ಹಿಂದಿನ ಸಾಲಿನಲ್ಲಿ ಇಲಾಖೆಯ ಪರವಾಗಿ ಅಲ್ಪವಿರಾಮದವರು. ನನಗಿಂತ ಮೊದಲು ಡಾಕ್ಟರಮ್ಮ ಮಾತಾಡಿದರು. ಅಧ್ಯಕ್ಷರು ಗಂಟೆ ಬಾರಿಸಿದ ಮೇಲೂ ಮಾತಾಡಿದರು. ಆಮೇಲೆ ನನ್ನ ಸರದಿ.

“ನೀವು ಯಾರ ಪರವಾಗಿ ಮಾತಾಡ್ತಿದೀರಿ?” ಅಧ್ಯಕ್ಷರು ಕೇಳಿದರು. ಎಲ್ಲರನ್ನೂ ಕೇಳುವ ಪ್ರಶ್ನೆ ಅದು. ಸಂಸ್ಥೆಯ ಹೆಸರು ಹೇಳಿದರೆ ಬರೆದುಕೊಳ್ಳುತ್ತಾರೆ.

“ನನ್ನ ಪರವಾಗಿ,” ಎಂದೆ.

ಬರೆದುಕೊಂಡು ಹೋದದ್ದು ಚೀಲದಲ್ಲೇ ಉಳಿಯಿತು. ಆಸ್ಪತ್ರೆಯ ಓಣಿ ಹೇಗಿತ್ತು ಎಂದು ಹೇಳಿದೆ. ಅಪ್ಪನ ಮೈ ಎಷ್ಟು ಸುಡುತ್ತಿತ್ತು, ನನ್ನನ್ನು ಯಾರೆಂದುಕೊಂಡು ಕರೆದ ಎಂದು ಹೇಳಿದೆ. ಹತ್ತು ವರ್ಷ ಎಂದು ಮೊದಲು ಬರೆದವಳು ನಾನು, ಅದನ್ನು ಹೊಡೆದು ಹಾಕಿದಾಗ ಸುಮ್ಮನಿದ್ದವಳೂ ನಾನು, ಇವತ್ತು ಸುಮ್ಮನಿರಲು ಆಗದೆ ಬಂದೆ ಎಂದೆ. ಆ ಗಡುವನ್ನು ಮಸೂದೆಯಲ್ಲಿ ಸೇರಿಸಿ ಎಂದು ಕೇಳಿಕೊಂಡೆ. ಐದು ನಿಮಿಷ ಆಗಿರಲಿಲ್ಲ. ಹೇಳಬೇಕಾದದ್ದು ಮುಗಿದಿತ್ತು, ಕೂತೆ.

ಹೊರಗೆ ಬಂದಾಗ ಕಾರ್ಯದರ್ಶಿಯವರು ಮೆಟ್ಟಿಲ ಬಳಿ ನಿಂತಿದ್ದರು. ನನ್ನ ಮೇಲೆ ನೋಟಿಸು ಬರುತ್ತದೆ, ತಾವೇ ಸಹಿ ಮಾಡಬೇಕಾಗುತ್ತದೆ ಎಂದರು. ಆಗಲಿ ಸರ್ ಎಂದೆ. ಎರಡು ಮೆಟ್ಟಿಲು ಇಳಿದು ತಿರುಗಿ ನಿಂತರು. ಆಮೇಲೆ, “ಆವತ್ತು ನೀವೇ ಸೇರಿಸಿದ್ದು ಅಂತ ನಾನು ನಂಬಿದ್ದೆ. ತಪ್ಪಾಯ್ತು” ಎಂದರು. ಅಷ್ಟು ಚಿಕ್ಕ ವಾಕ್ಯಗಳನ್ನು ಅವರ ಬಾಯಿಂದ ಕೇಳಿದ್ದು ಇದೇ ಮೊದಲು.

ಜೂನ್ 5, ಗುರುವಾರ

ಸಮಿತಿಯ ವರದಿ ಬಂತು. ಗಡುವು ಮಸೂದೆಯೊಳಗೆ ಹೋಗಿದೆ. ಆದರೆ ಹತ್ತು ವರ್ಷ ಹನ್ನೆರಡಾಗಿದೆ. ಕೆಲಸಗಾರರ ವಾಕ್ಯ ಒಂದಕ್ಷರ ಬದಲಾಗದೆ ಹಾಗೇ ಇದೆ. ಅಪ್ಪ ಅದನ್ನು ಪತ್ರಿಕೆಯಲ್ಲಿ ಎರಡು ಸಲ ಓದಿ, ಕತ್ತರಿಸಿ, ಅಂಗಿಯ ಜೇಬಿಗೆ ಹಾಕಿಕೊಂಡ. ಡಾಕ್ಟರಮ್ಮ ಫೋನು ಮಾಡಿ, ಆ ಎರಡು ವರ್ಷವನ್ನೂ ಕಿತ್ತುಕೊಳ್ಳದೆ ಬಿಡುವುದಿಲ್ಲ, ಇನ್ನು ಪ್ರತಿ ಶುಕ್ರವಾರ ಕೂರುತ್ತೇವೆ ಎಂದರು. ನನಗೆ ಬಂದ ನೋಟಿಸಿಗೆ ಒಂದು ಸಾಲಿನ ಉತ್ತರ ಬರೆದು ಕೊಟ್ಟಿದ್ದೇನೆ. ಏನಾಗುತ್ತದೋ ನೋಡಬೇಕು.

ಊಟಕ್ಕೆ ಕೂತಾಗ ಅಪ್ಪ ಬೆರಳು ಮಡಚಿ ಲೆಕ್ಕ ಹಾಕಿದ. “ಹನ್ನೆರಡು ವರ್ಷಕ್ಕೆ ನಂಗೆ ಎಂಬತ್ತಾರು. ಕೊನೇ ಸ್ಥಾವರ ಮುಚ್ಚೋದನ್ನ ನೋಡೋಕೆ ನಾನು ಇರ್ತೀನೋ ಇಲ್ವೋ.”

“ಇರದೆ ಎಲ್ಲಿಗೆ ಹೋಗ್ತೀಯಾ? ನೀನಿಲ್ಲ ಅಂದ್ರೆ ಅವರನ್ನ ಕೇಳೋರು ಯಾರು?”

“ನೀನಿದೀಯಲ್ಲ,” ಎಂದ ಅಪ್ಪ, ಅದೇನು ದೊಡ್ಡ ವಿಷಯ ಎನ್ನುವ ಹಾಗೆ. ನೀರು ಕುಡಿದು ಎದ್ದು ಹೋದ.

ನಾಳೆ ಶುಕ್ರವಾರ. ರಜೆ ಹಾಕಿದ್ದೇನೆ. ಅರ್ಜಿಯಲ್ಲಿ ಕಾರಣ ಕೇಳಿದ್ದ ಕಡೆ ‘ಸ್ವಂತ ಕೆಲಸ’ ಎಂದು ಬರೆದೆ.